ಸರತಿ ತಪ್ಪಿದ ಬಿಂದಿಗೆ

ನಲ್ಲಿಯ ಕೆಳಗಿದ್ದ ರಾಜಮ್ಮಣ್ಣಿಯ ಬಿಂದಿಗೆಯನ್ನು ದುಂಡಮ್ಮ ಕಾಲಿನಿಂದ ಪಕ್ಕಕ್ಕೆ ನೂಕಿದಳು. ಸಾಲಿನಲ್ಲಿದ್ದ ಹೆಂಗಸರು ಗಾಬರಿಯಾದರು. ಮಗಳು ತಾನಾಗಿಯೇ ಪ್ರಾಣ ಕಳೆದುಕೊಂಡಂದಿನಿಂದ ಶಾಗ್ಯ ಊರಿನವರೆಲ್ಲ ರಾಜಮ್ಮಣ್ಣಿಗೆ ದಾರಿ ಬಿಡುತ್ತಿದ್ದರು. ಅವಳ ಬಿಂದಿಗೆಯೇ ಮೊದಲು ತುಂಬುತ್ತಿತ್ತು. ಹುಡುಗಿಯ ಹೆಸರನ್ನು ಮಾತ್ರ ಮನೆಯವರೂ ಎತ್ತುತ್ತಿರಲಿಲ್ಲ.

"ನಿನ್ ಸರ್ತಿ ಬಂದಾಗ ಇಡ್ಕೊ. ನಿನ್ ಮಗಳು ಪಲ್ಲವಿನೂ ಇಂಗೇ ಕಣಮ್ಮಿ, ಎಲ್ರುನೂ ತಳ್ಳಿ ಮುಂದಕ್ ನುಗ್ತಿದ್ಲು" ಎಂದುಬಿಟ್ಟು ದುಂಡಮ್ಮ ನಾಲಿಗೆ ಕಚ್ಚಿಕೊಂಡಳು.

ನೀರು ಸುಮ್ಮನೆ ಸುರಿದುಹೋಗುತ್ತಿತ್ತು. ಯಾರೋ ದುಂಡಮ್ಮನ ಸೆರಗು ಜಗ್ಗಿದರು. ರಾಜಮ್ಮಣ್ಣಿ ಬಿಂದಿಗೆ ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತಳು.

"ಬಯ್ಯಿ ಅಕ್ಕ" ಎಂದಳು. "ಇನ್ನೂ ಏನೇನ್ ಮಾಡ್ತಿದ್ಲು, ಎಲ್ಲಾನೂ ಯೋಳಿ ಬಯ್ಯಿ."