ಮೊದಲ ತುತ್ತು

ಕೊಪ್ಪಳದ ಕಡೆಯ ಒಂದು ಸರ್ಕಾರಿ ಶಾಲೆ... ಅಲ್ಲಿ ಬಿಸಿಯೂಟ ಮಾಡುವವಳು ದ್ಯಾವಮ್ಮ.

ಮಕ್ಕಳಿಗೆ ಬಡಿಸುವ ಮೊದಲು ಹೆಡ್‌ಮಾಸ್ತರರು ಒಂದು ತುತ್ತು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಅದು ನಿಯಮ.

ಹೆಡ್‌ಮಾಸ್ತರರು ನಿಯಮದ ಮನುಷ್ಯ. ಸಾಲದ್ದಕ್ಕೆ ತಮ್ಮದೂ ಒಂದು ಸೇರಿಸಿದರು... ಬೆಳಗಿನ ಪ್ರಾರ್ಥನೆಗೆ ಇಲ್ಲದವರಿಗೆ ಊಟ ಇಲ್ಲ!

ಪೆಟ್ಟು ಬಿದ್ದದ್ದು ಮೂರನೇ ಕ್ಲಾಸಿನ ಹುಲಿಗೆಮ್ಮನಿಗೆ. ಅವ್ವ ಹತ್ತಿ ಬಿಡಿಸಲು ಹೋದರೆ ಮನೆಯಲ್ಲಿ ಕೂಸು ನೋಡಿಕೊಳ್ಳುವವಳು ಇವಳೇ. ಅಜ್ಜಿ ಬಂದ ಮೇಲೆ ಶಾಲೆಗೆ ಓಟ... ಅಷ್ಟರಲ್ಲಿ ಹನ್ನೆರಡು.

"ಊಟಕ್ಕಷ್ಟ ಬರ್ತಾಳ ಇಕಿ," ಎಂದರು ಹೆಡ್‌ಮಾಸ್ತರರು.

"ಊಟಕ್ಕರ ಬರ್ಲಿ ಬಿಡ್ರಿ ಸರ... ಬಂದ ಮ್ಯಾಲ ಸಾಲಿ ಬಿಡೂತನಕ ಕುಂತು ಕಲಿತಾಳಲ್ರಿ," ಎಂದಳು ದ್ಯಾವಮ್ಮ.

ಕೇಳುವ ಕಿವಿ ಬೇಕಲ್ಲ!

ಎರಡು ದಿನ ಹುಡುಗಿ ನಲ್ಲಿ ನೀರು ಕುಡಿದು ಕ್ಲಾಸಿನಲ್ಲಿ ಕುಳಿತಳು. ಮೂರನೇ ದಿನ ಬರಲಿಲ್ಲ.

"ಹೊಟ್ಟಿಗಿಲ್ಲಂದ್ರ ಸಾಲಿ ಯಾಕ? ಮನ್ಯಾಗ ಕೂಸಿನ ನೋಡ್ಕೊಂಡಿರ್ಲಿ," ಎಂದು ಅವ್ವ ಶಾಲೆಯನ್ನೇ ಬಿಡಿಸಿಬಿಟ್ಟಿದ್ದಳು.

ಮರುದಿನ ಹೆಡ್‌ಮಾಸ್ತರರ ಬಸ್ ದಾರಿಯಲ್ಲಿ ಕೆಟ್ಟು ನಿಂತಿತು. ಶಾಲೆ ಮುಟ್ಟಿದಾಗ ಹನ್ನೆರಡೂವರೆ. ಬೆವರೊರೆಸಿಕೊಳ್ಳುತ್ತ ನೇರ ಅಡುಗೆಮನೆಗೆ ಬಂದರು. ದ್ಯಾವಮ್ಮ ತಟ್ಟೆಗೆ ಅನ್ನ, ಸಾಂಬಾರು ಹಾಕಿ ಕೊಟ್ಟಳು.

"ಉಪ್ಪು ಸರಿ ಐತಿ," ಎಂದರು.

"ಸಿಟ್ಟಾಗಬ್ಯಾಡ್ರಿ ಸರ... ಇವತ್ತು ನೀವೂ ಪ್ರಾರ್ಥನಿಗೆ ಇರ್ಲಿಲ್ಲ. ಆದ್ರೂ ಮೊದಲ್ನೇ ತುತ್ತು ನಿಮಗ ಕೊಟ್ಟೆ."

ಹೆಡ್‌ಮಾಸ್ತರರು ಎರಡನೇ ತುತ್ತು ಎತ್ತದೆ ತಟ್ಟೆ ಕೆಳಗಿಟ್ಟರು...

ಸಹಿಯನ್ನೂ ಹಾಕದೆ ಎದ್ದು ಹುಲಿಗೆಮ್ಮನ ಮನೆಗೆ ನಡೆದರು. ಹುಡುಗಿಯನ್ನು ಕೈಹಿಡಿದು ಕರೆತಂದು ತಾವೇ ಬಡಿಸಿದರು.

"ಎಷ್ಟೊತ್ತಿಗರ ಬಾ ಮಗಳ... ಬರೋದು ಮಾತ್ರ ಬಿಡಬ್ಯಾಡ," ಎಂದರು. ಆ ದಿನದಿಂದ ತಪ್ಪಿದ ಪಾಠವನ್ನು ಊಟದ ನಂತರ ಅವರೇ ಹೇಳಿಕೊಟ್ಟರು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ... ಹುಲಿಗೆಮ್ಮ ಅಡುಗೆಮನೆ ಗೋಡೆಯ ಬೋರ್ಡಿನ ಮೇಲೆ ಬೆರಳಿಟ್ಟು ಜೋರಾಗಿ ಓದಿದಳು.

"ಇಂದಿನ ಊಟ... ಅನ್ನ... ಸಾಂಬಾರು."

ದ್ಯಾವಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಹನ್ನೊಂದು ವರ್ಷದಿಂದ ಅದೇ ಬೋರ್ಡಿನ ಪಕ್ಕ ಅಡುಗೆ ಮಾಡಿದವಳು ಅವಳು. ಓದು ಬಾರದು. ಅದರಲ್ಲಿ ಏನಿದೆ ಎಂದು ಇಲ್ಲಿಯವರೆಗೆ ಯಾರೂ ಅವಳಿಗೆ ಓದಿ ಹೇಳಿರಲಿಲ್ಲ.

ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು... "ಇನ್ನೊಮ್ಮೆ ಓದವ್ವ."

ಹಸಿದ ಮಗುವನ್ನು ಊಟ ಶಾಲೆಗೆ ಕರೆತಂದರೆ, ಅಕ್ಷರ ಅದನ್ನು ಅಲ್ಲೇ ಕೂರಿಸಿಕೊಳ್ಳುತ್ತದೆ.

ತಡವಾಗಿ ಬಂದವರನ್ನು ಹೊರಗೆ ನಿಲ್ಲಿಸುವ ಮುನ್ನ, ಯಾಕೆ ತಡವಾಯಿತು ಎಂದು ನಾವು ಒಮ್ಮೆಯಾದರೂ ಕೇಳಿದ್ದೇವೆಯೇ...?