ಹೆಗಲ ಮೇಲಿನ ಮನೆ

ಜಾವಾದ ಆ ಹಳ್ಳಿಯಲ್ಲಿ ಅಪ್ಪನ ಆಸ್ತಿ ಪಾಲಾದಾಗ ಮರದ ಮನೆ ಅಣ್ಣ ಪೊನಿರನ್‌ಗೆ ಬಂತು. ಅದು ನಿಂತಿದ್ದ ನೆಲ, ಪಕ್ಕದಲ್ಲೇ ಬೇರೆ ಮನೆ ಮಾಡಿದ್ದ ತಮ್ಮ ವಾಗಿಮನ್‌ಗೆ.

"ನನ್ನ ನೆಲ ಬಿಡು. ನಿನ್ನ ಮನೆ ಎತ್ಕೊಂಡ್ಹೋಗು," ಎಂದ ತಮ್ಮ.

ಪೊನಿರನ್‌ಗೆ ರೇಗಿತು. ಮನೆ ಸಾಗಿಸಲು ಮನೆಗೊಂದಾಳು ಬರುವುದು ಊರಿನ ಕಟ್ಟಳೆ. ನಲವತ್ತು ಜನ ಬಿದಿರು ಕಟ್ಟಿ ಮನೆಯನ್ನು ಇಡಿಯಾಗಿ ಹೆಗಲಿಗೇರಿಸಿದರು. ಪೊನಿರನ್ ಎದೆಯುಬ್ಬಿಸಿ ಮುಂದೆ ನಡೆದ. ಊರು ಮುಗಿಯಿತು, ಮುಂದೆ ಬರೀ ಪರರ ಗದ್ದೆ.

"ಎಲ್ಲಿ ಇಳಿಸೋದಪ್ಪಾ?" ಹೊತ್ತವರು ಕೇಳಿದರು.

ತನಗೆ ಅಂಗೈಯಗಲ ನೆಲವೂ ಇಲ್ಲವೆಂಬುದು ಪೊನಿರನ್‌ಗೆ ಹೊಳೆದದ್ದೇ ಆಗ. ತಿರುಗಿ ನೋಡಿದರೆ ಮುಂದಿನ ಬಿದಿರಿಗೆ ಹೆಗಲು ಕೊಟ್ಟು ವಾಗಿಮನ್ ಬೆವರುತ್ತಿದ್ದ.

"ನೀನ್ಯಾಕೋ ಬಂದೆ?"

"ಮನೆಗೊಂದಾಳು ಅಂದ್ರಲ್ಲ, ಅಣ್ಣಾ."

"ಈಗ ಎಲ್ಲಿಡ್ಲಿ, ನೀನೇ ಹೇಳು."

ವಾಗಿಮನ್ ಹೆಗಲು ಬದಲಿಸಿದ. "ನಮ್ಮ ಜಾಗ ಈಗಷ್ಟೇ ಖಾಲಿಯಾಗಿದೆ. ಬೇಕಾದ್ರೆ ಅಲ್ಲಿಡು."