ಏಳೂರು ಮೆಚ್ಚಿದ ಸಾರು

ಸಣ್ಣತಾಯಮ್ಮನ ಮನೆಯಲ್ಲಿ ಸಾರು ಕುದಿದರೆ ಏಳೂರಿನ ಜನ ಆ ಘಮಕ್ಕೇ ಮುದ್ದೆ ನುಂಗುತ್ತಿದ್ದರು. “ನನ್ನ ಸೊಸೆ ಕೈರುಚಿ!” ಎಂದು ಅವಳು ಲೋಕಕ್ಕೆಲ್ಲ ಸಾರುತ್ತಿದ್ದಳು.

ಇವತ್ತು ಆ ಸೊಸೆ ಪುಟ್ಟಗೌರಿಗೆ ಒರಗಿದ ಕಂಬವೇ ಅಲುಗುವಷ್ಟು ನಡುಕ. ರಾಗಿ ಹೊತ್ತು ಪಕ್ಕದೂರಿಗೆ ನಡೆದೂ ನಡೆದೂ ಹೆಂಗಸರ ಕತ್ತು ಹೆಗಲೊಳಗೆ ಇಳಿದುಹೋಗಿತ್ತು. ಎರಡೂ ಕೇರಿಯವರು ಒಟ್ಟಿಗೆ ಉಂಡು ಒಂದೇ ಮಹಿಳಾ ಸಂಘವಾದರೆ ಊರಿಗೆ ಹಿಟ್ಟಿನ ಗಿರಣಿ ಕೊಡುತ್ತೇವೆ ಎಂದಿದ್ದರು ಸೇವಾಸಂಸ್ಥೆಯವರು. ಇವತ್ತೇ ಆ ಊಟ, ಅಡುಗೆ ಕೆಳಗಿನ ಕೇರಿಯ ಚೌಡಮ್ಮನದು. ಅತ್ತೆ ಎಲೆ ಬಿಟ್ಟು ಎದ್ದರೆ ಮೇಲಿನ ಕೇರಿಯೇ ಏಳುತ್ತದೆ, ಗಿರಣಿ ಕೈತಪ್ಪುತ್ತದೆ.

“ಈ ಚೌಡಿ ಸಾರು ನನ್ನ ಗಂಟಲಲ್ಲಿ ಅದ್ಹೆಂಗೆ ಇಳೀತದೋ ನೋಡೇಬಿಡ್ತೀನಿ,” ಎನ್ನುತ್ತಾ ಅತ್ತೆ ಕೂತಳು.

ಮೊದಲ ತುತ್ತಿಗೇ ಅವಳ ಕೈ ನಿಂತಿತು. ಸೂರಿನ ಮೇಲಿನ ಕಾಗೆಗಳೂ ಉಸಿರು ಬಿಗಿಹಿಡಿದವು.

“ಯಾಕತ್ತೆ, ಖಾರವಾ?” ಸೊಸೆ ನೀರಿನ ಚೊಂಬು ಮುಂದೆ ಸರಿಸಿದಳು.

ಅತ್ತೆ ಇನ್ನೊಂದು ತುತ್ತು ನುಂಗಿದಳು. ಮತ್ತೊಂದು.

“ಇನ್ನೊಂದು ಸೌಟು ಹಾಕು ಚೌಡಮ್ಮ,” ಎಂದವಳು ಸೊಸೆಯತ್ತ ತಿರುಗಿದಳು. “ನಮ್ಮನೆ ಸಾರಿನಪುಡಿ ಇಷ್ಟು ವರ್ಷ ಹಿತ್ಲುಬಾಗಿಲಲ್ಲಿ ಬರ್ತಿತ್ತೇನೇ?”